ಸೂಜಿಮೂತಿಯ ಸಂಸಾರ

ಜೂನ್ ೪

ಅಮ್ಮಾ,

ಬಂದು ತಲುಪಿದೆ. ಜೀಪು ದಾರಿಯಲ್ಲಿ ಎರಡು ಸಲ ಕೆಟ್ಟಿತು, ಮೂರನೇ ಸಲ ಕೆಡೋಕೆ ಅದರಲ್ಲಿ ಏನೂ ಉಳಿದಿರಲಿಲ್ಲ. ಇಲ್ಲಿ ಫೋನ್ ಹಿಡಿಯೋದಿಲ್ಲ. ವಾರಕ್ಕೊಮ್ಮೆ ಸಾಮಾನು ತರೋ ಜೀಪೇ ನಮ್ಮ ಅಂಚೆಯಣ್ಣ. ಇನ್ನು ಜನವರಿಯಲ್ಲಿ ವಾಪಸ್ ಬರೋವರೆಗೂ ಪತ್ರವೇ ಗತಿ. ಫೋನಲ್ಲಿ ಬರೀ ಹೂಂ ಹೂಂ ಅಂತೀಯ ಅಂತ ಬೈತಿದ್ದೆಯಲ್ಲ, ಈಗ ತಗೋ, ಪುಟಗಟ್ಟಲೆ ಮಾತು.

ಕೋಣೆಗೆ ತಗಡಿನ ಮಾಡು. ಒಂದು ಮಂಚ, ಒಂದು ಮೇಜು, ಕಿಟಕಿಯಾಚೆ ಕಾಡು. ಸೊಳ್ಳೆಪರದೆ ಹರಿದಿತ್ತು, ನೀನು ಕೊಟ್ಟ ಸೂಜಿದಾರ ತೆಗೆದು ಹೊಲಿದೆ. ನೀನು ನೋಡಿದ್ದರೆ ಬಿಚ್ಚಿಸಿ ಮತ್ತೆ ಹಾಕಿಸ್ತಿದ್ದೆ. ನಮ್ಮ ಮೇಡಂ ಪಕ್ಕದ ಕೋಣೆಯಲ್ಲಿದ್ದಾರೆ. ನನ್ನ ಸಂಶೋಧನೆಗೆ ದಾರಿ ತೋರಿಸೋರು, ಗೊರಕೆಯಲ್ಲಿ ಜೀಪನ್ನೂ ಮೀರಿಸೋರು.

ನಾನು ಹುಡುಕಿಕೊಂಡು ಬಂದ ಹುಳ ಮೊದಲ ದಿನವೇ ಸಿಕ್ಕಿತು. ಹತ್ತಿರದಲ್ಲೇ ಒಂದು ದೊಡ್ಡ ಮರ ಸತ್ತು ಬಿದ್ದಿದೆ, ಅದರ ಮೇಲೆ ಇವುಗಳ ಊರೇ ಇದೆ. ನಮ್ಮನೆ ಅಕ್ಕಿ ಡಬ್ಬದಲ್ಲಿ ಮೂತಿ ಇರೋ ಪುಟಾಣಿ ಹುಳ ಬರುತ್ತಲ್ಲ, ಅದರ ದೂರದ ದಾಯಾದಿ ಅಂದುಕೋ. ಆದರೆ ಇದು ನಿನ್ನ ಕಿರುಬೆರಳಿನಷ್ಟು ಉದ್ದ. ಮೈ ಕಂದು, ಬೆನ್ನ ಮೇಲೆ ಹಳದಿ ಗೆರೆ. ಮೂತಿಯಂತೂ ನೇರಾನೇರ, ಎಲ್ಲೂ ಬಗ್ಗದೆ ಮುಂದಕ್ಕೆ ಚಾಚಿದೆ. ಇಲ್ಲಿ ಎಲ್ಲರೂ ಅದನ್ನು ಸೂಜಿಮೂತಿ ಅಂತಾರೆ. ಟೇಲರ್ ಮಗಳಿಗೆ ಎಂಥ ಹುಳ ಸಿಕ್ಕಿತು ನೋಡು!

ವಿಚಿತ್ರ ಏನು ಗೊತ್ತಾ? ಗಂಡುಗಳಲ್ಲಿ ಕೆಲವು ಬೆರಳುದ್ದ, ಕೆಲವು ಭತ್ತದ ಕಾಳಿಗಿಂತ ಚೂರು ದೊಡ್ಡವು. ಒಂದೇ ಜಾತಿ, ಒಂದೇ ಮರ. ಇಷ್ಟು ಅಂತರ ಇದ್ದೂ ಹೇಗೆ ಬಾಳ್ತಾವೆ ಅನ್ನೋದೇ ನನ್ನ ಪ್ರಶ್ನೆ. ಒಂದೊಂದನ್ನೂ ಗುರುತಿಡೋಕೆ ಬೆನ್ನ ಮೇಲೆ ಬಣ್ಣದ ಚುಕ್ಕಿ ಇಡಬೇಕು. ನೇಲ್ ಪಾಲಿಶ್ ಕಳಿಸ್ತೀಯಾ? ಎಷ್ಟು ಬಣ್ಣ ಸಿಕ್ಕರೆ ಅಷ್ಟು.

ನಿನ್ನ,
ಪುಟ್ಟಿ

ಜೂನ್ ೧೯

ಪುಟ್ಟಿ,

ನೇಲ್ ಪಾಲಿಶ್ ಕಳಿಸಿದ್ದೇನೆ. ಅಂಗಡಿ ಹುಡುಗಿ ನನ್ನ ಮುಖ ನೋಡಿದಳು, ನನ್ನ ಒರಟು ಬೆರಳು ನೋಡಿದಳು, ಆಮೇಲೆ "ಎಲ್ಲಾ ಬಣ್ಣವೂ ನಿಮಗೇನಾ ಆಂಟಿ?" ಅಂದಳು. "ಹುಳಕ್ಕೆ" ಅಂದೆ. ಇನ್ನು ಆ ಅಂಗಡಿಗೆ ನಾನು ಹೋಗೋ ಹಾಗಿಲ್ಲ.

ಇಲ್ಲಿ ಎಲ್ಲಾ ಚೆನ್ನಾಗಿದೆ. ಶಾಲೆ ಶುರುವಾಗೋ ಹೊತ್ತು, ಯೂನಿಫಾರ್ಮ್ ರಾಶಿ ಬಿದ್ದಿದೆ. ಕಷ್ಟ ಅಂದರೆ ಒಂದೇ, ಸೂಜಿಗೆ ದಾರ ಪೋಣಿಸೋಕೆ ಆಗ್ತಿಲ್ಲ. ನಾನು ಸೂಜಿ ಹಿಡಿದು ಆಕಾಶ ನೋಡ್ತಾ ನಿಂತಿದ್ದನ್ನ ಪಕ್ಕದ ಗುಂಡಿ ಅಂಗಡಿ ಅಕ್ಕ ಕಂಡು, "ಏನೇ, ದೇವರನ್ನ ಕರೀತಿದ್ದೀಯಾ?" ಅಂತ ನಕ್ಕು, ಎದುರುಗಡೆ ಅಂಗಡಿಗೆ ದಬ್ಬಿದಳು. ಗಡಿಯಾರ ರಿಪೇರಿಯವನು ಖಾಲಿ ಮಾಡಿದ ಜಾಗದಲ್ಲಿ ಈಗ ಕನ್ನಡಕದ ಅಂಗಡಿ ಬಂದಿದೆ.

ಕನ್ನಡಕದವರು ಐವತ್ತೈದು ದಾಟಿದ ಮನುಷ್ಯ. ಅಕ್ಷರ ಓದಿಸಿದರು, ಗಾಜು ಬದಲಾಯಿಸಿ ಬದಲಾಯಿಸಿ "ಈಗ? ಈಗ?" ಅಂದರು. ನಾನು, "ನನ್ನ ಕಣ್ಣಿಗೆ ವಯಸ್ಸಾಯ್ತು ಅಂತ ನೇರವಾಗಿ ಹೇಳಿಬಿಡಿ" ಅಂದೆ. ಅದಕ್ಕವರು, "ಕಣ್ಣಿಗೇನೂ ಆಗಿಲ್ಲ ಟೇಲರಮ್ಮ, ನಿಮ್ಮ ಕೈ ಗಿಡ್ಡ ಆಗಿದೆ ಅಷ್ಟೇ, ಸೂಜಿ ಇನ್ನೂ ದೂರ ಹಿಡೀಬೇಕಿತ್ತು" ಅನ್ನೋದೇ! ನಗು ತಡೆಯೋಕಾಗಲಿಲ್ಲ. ಮುಂದಿನ ವಾರ ಕೊಡ್ತಾರಂತೆ.

ಹೊತ್ತಿಗೆ ಸರಿಯಾಗಿ ಉಣ್ಣು. ಹುಳ ಎಲ್ಲೂ ಓಡಿ ಹೋಗಲ್ಲ.

ಇಂತಿ,
ಅಮ್ಮ

ಜುಲೈ ೧೬

ಅಮ್ಮಾ,

ನಿನ್ನ ನೇಲ್ ಪಾಲಿಶ್ ಬಳಿದುಕೊಂಡು ಸೂಜಿಮೂತಿಗಳು ಮದುವೆಮನೆಗೆ ಹೊರಟ ಹಾಗೆ ಕಾಣ್ತಿವೆ. ಕೆಂಪ ಅಂತ ಒಬ್ಬ ಇದ್ದಾನೆ, ಮರಕ್ಕೆಲ್ಲ ದೊಡ್ಡವನು, ಗತ್ತು ಹೇಳತೀರದು. ಹಳದಿ ಅಂತ ಒಬ್ಬಳು. ಅವಳ ಕೆಲಸ ನೋಡ್ತಾ ಕೂತರೆ ನನಗೆ ನೀನು ಕಾಜ ಹೊಲಿಯೋದು ನೆನಪಾಗುತ್ತೆ. ಮೂತಿಯ ತುದಿಯಲ್ಲಿ ಚೂರೇ ಚೂರು ಹಲ್ಲಿದೆ. ಅದನ್ನ ಮರಕ್ಕೆ ಊರಿ, ತಲೆಯನ್ನ ಆ ಕಡೆ ಈ ಕಡೆ ತಿರುಗಿಸ್ತಾ ಕೊರೀತಾಳೆ. ಬೆಳಗ್ಗೆ ಹಿಡಿದ ತೂತು ಮಧ್ಯಾಹ್ನಕ್ಕೆ ಮುಗಿದರೆ ಪುಣ್ಯ. ಆಮೇಲೆ ತಿರುಗಿ ನಿಂತು ಅದರಲ್ಲಿ ಒಂದೇ ಒಂದು ಮೊಟ್ಟೆ ಇಡ್ತಾಳೆ. ಮತ್ತೆ ಇನ್ನೊಂದು ತೂತು.

ಅವಳು ಕೊರೆಯುವಷ್ಟು ಹೊತ್ತೂ ಕೆಂಪ ಪಕ್ಕದಲ್ಲೇ ಕಾವಲು. ಬೇರೆ ಗಂಡು ಬಂದರೆ ಇಬ್ಬರೂ ಉದ್ದ ಮೂತಿ ಎತ್ತಿ ಕೋಲಾಟ. ಸೋತವನು ಮರದಿಂದ ಕೆಳಗೆ. ನಿನ್ನೆ ಮಜಾ ಆಯ್ತು. ಕೆಂಪ ಹಾಗೆ ಒಬ್ಬನ ಜೊತೆ ಜಗಳದಲ್ಲಿ ಮುಳುಗಿದ್ದಾಗ, ಭತ್ತದ ಕಾಳಿನಂಥ ಪುಟ್ಟ ಗಂಡೊಂದು ಮೆಲ್ಲಗೆ ಬಂದು ಹಳದಿಯ ಪಕ್ಕ ಕೂತುಬಿಟ್ಟಿತು. ಕೆಂಪ ತಿರುಗಿ ಬಂದ, ಅದನ್ನ ಕಸ ಅಂದುಕೊಂಡನೋ ಏನೋ, ಸುಮ್ಮನೆ ನಿಂತ. ಮೇಡಂ ಮತ್ತೆ ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕೆವು.

ನನಗೆ ಇಲ್ಲಿ ತುಂಬಾ ಹಿಡಿಸಿದೆ ಅಮ್ಮಾ. ಹೀಗೆ ಹೇಳೋಕೆ ಸ್ವಲ್ಪ ಅಂಜಿಕೆ, ಆದರೂ ಹೇಳಿದೆ. ಕನ್ನಡಕ ಬಂತಾ?

ನಿನ್ನ,
ಪುಟ್ಟಿ

ಆಗಸ್ಟ್ ೨

ಪುಟ್ಟಿ,

ಕನ್ನಡಕ ಬಂತು. ಹಾಕಿಕೊಂಡು ಮಷಿನ್ ನೋಡಿದರೆ ಇಷ್ಟು ದಿನ ಅದರಲ್ಲಿ ಕೂತಿದ್ದ ಧೂಳಿಗೆ ಬಾಡಿಗೆ ಕೇಳಬಹುದಿತ್ತು. ಇಡೀ ಭಾನುವಾರ ಒರೆಸಿದೆ.

ಕನ್ನಡಕದವರು ತಮ್ಮ ಪ್ಯಾಂಟು ತಂದಿದ್ದರು, ಉದ್ದ ಕಡಿಮೆ ಮಾಡಬೇಕಂತೆ. ಮಾರನೇ ವಾರ ಇನ್ನೊಂದು. ಅವರು ಅಂಗಡಿ ಮುಚ್ಚಿ ಬರೋ ಹೊತ್ತಿಗೆ ನನ್ನದೂ ಟೀ ಹೊತ್ತು, ಒಂದು ಲೋಟ ಅವರಿಗೂ ಕೊಡ್ತೀನಿ. ಹೆಂಡತಿ ಹೋಗಿ ಆರು ವರ್ಷ ಆಯ್ತಂತೆ. ಮಕ್ಕಳಿಲ್ಲ. ಹೆಚ್ಚು ಮಾತಾಡೋರಲ್ಲ, ಆದರೆ ಆಡಿದರೆ ನಗಿಸದೇ ಬಿಡಲ್ಲ.

ನಿನ್ನ ಹುಳದ ಕತೆ ಓದಿ ಹೇಳಿದೆ. ಆ ಪುಟ್ಟ ಗಂಡಿನ ವಿಷಯ ಬಂದಾಗ ಅವರಿಗೆ ಟೀ ನೆತ್ತಿಗೆ ಹತ್ತಿತು. "ಮೂತಿ ತುದಿಯಲ್ಲಿ ಹಲ್ಲಿದೆ ಅಂತಾರಲ್ಲ ನಿಮ್ಮ ಮಗಳು, ಬರಿಗಣ್ಣಿಗೆ ಹೇಗೆ ಕಾಣುತ್ತೆ? ಏನಿದೆ ಅವರ ಹತ್ತಿರ?" ಅಂತ ಕೇಳಿದರು. ನನಗೇನು ಗೊತ್ತು! ಮಾರನೇ ದಿನ ಒಂದು ಭೂತಗನ್ನಡಿ ತಂದರು. ಗಾಜು ಒಳ್ಳೇದಂತೆ, ಅಂಚಿನಲ್ಲೂ ಆಕಾರ ಕೆಡೋದಿಲ್ಲವಂತೆ. ಇದರ ಜೊತೆ ಕಳಿಸಿದ್ದೇನೆ. ಇವರೇ ಅದನ್ನ ಒರೆಸಿ, ಹತ್ತಿಯಲ್ಲಿ ಸುತ್ತಿ, ಡಬ್ಬಿಗೆ ಹಾಕಿಕೊಟ್ಟರು. ಜೋಪಾನ.

ಇಂತಿ,
ಅಮ್ಮ

ಆಗಸ್ಟ್ ೨೦

ಅಮ್ಮಾ,

ಭೂತಗನ್ನಡಿ ತಲುಪಿತು. ಚೆನ್ನಾಗಿದೆ.

ಒಂದು ಮಾತು. ನಿನ್ನ ಪತ್ರದ ಶುರುವಲ್ಲಿ ಅವರು "ಕನ್ನಡಕದವರು". ನಡುವೆ "ಅವರು". ಕೊನೆಗೆ ಬರೋ ಹೊತ್ತಿಗೆ "ಇವರು" ಆಗಿದ್ದಾರೆ. ಗುಂಡಿ ಅಂಗಡಿ ಅಕ್ಕ ತನ್ನ ಗಂಡನಿಗೆ "ಇವರು" ಅಂತಾಳೆ. ನೀನು ಅಪ್ಪನ ವಿಷಯ ಹೇಳುವಾಗ "ಇವರು" ಅಂತಿದ್ದೆ. ಕೈತಪ್ಪಿ ಬರೆದೆಯಾ?

ಪುಟ್ಟಿ

ಆಗಸ್ಟ್ ೩೧

ಪುಟ್ಟಿ,

ಕೈ ತಪ್ಪಿದ್ದು ನಿಜ. ಬರೆದಿದ್ದು ಸುಳ್ಳಲ್ಲ.

ನಿನ್ನ ಪತ್ರ ಓದಿ ಮೊದಲು ನಾಚಿಕೆ ಆಯ್ತು, ಆಮೇಲೆ ನಗು ಬಂತು, ಆಮೇಲೆ ಎರಡೂ ಹೋಗಿ ಭಯ ಉಳೀತು. ಸುತ್ತಿ ಬಳಸಿ ಹೇಳಲ್ಲ. ಅವರು ಕೇಳಿದ್ದಾರೆ. ಮೊನ್ನೆ ಮತ್ತೊಂದು ಪ್ಯಾಂಟು ತಂದರು. ನಾನು ಟೇಪು ಹಿಡಿದುಕೊಂಡೇ, "ಅಲ್ಲ, ನೀವು ತಗೊಳ್ಳೋ ಪ್ಯಾಂಟೆಲ್ಲಾ ಯಾಕೆ ಇಷ್ಟುದ್ದ? ಅಂಗಡಿಯಲ್ಲಿ ನಿಮ್ಮ ಅಳತೆದು ಇರಲ್ವಾ?" ಅಂದೆ.

"ಇರುತ್ತೆ," ಅಂದರು. "ಉದ್ದ ಇರೋದನ್ನೇ ಆರಿಸಿ ತಗೊಳ್ತೀನಿ."

ನನಗೆ ತಕ್ಷಣ ಹೊಳೀಲಿಲ್ಲ. ಹೊಳೆದಾಗ ಬಾಯಲ್ಲಿ ಗುಂಡುಸೂಜಿ ಇತ್ತು. ಅವರೇ ಅಂದರು, "ಬಟ್ಟೆ ಅಂಗಡಿಗೆ ದುಡ್ಡು ಸುರಿಯೋದು ನಿಲ್ಲಿಸೋಣ ಅಂತಿದ್ದೀನಿ ಟೇಲರಮ್ಮ. ನಾವು ಒಟ್ಟಿಗೆ ಇರಬಹುದಾ? ಮದುವೆ ಮಾಡಿಕೊಂಡು, ಸರಿಯಾಗಿ."

ಯೋಚನೆ ಮಾಡಿ ಹೇಳ್ತೀನಿ ಅಂದೆ. ಪುಟ್ಟಿ, ನಿಮ್ಮಪ್ಪ ಹೋದಾಗ ನೀನು ನನ್ನ ಸೊಂಟದ ಮೇಲಿದ್ದೆ. ಆಗಲೂ ಜನ ಹೇಳಿದರು, ಇನ್ನೊಂದು ಮದುವೆ ಆಗು ಅಂತ. ಆಗ ನನಗೆ ಬೇಕಿರಲಿಲ್ಲ, ಯಾರಿಗಾಗಿಯೂ ತ್ಯಾಗ ಮಾಡಿದ್ದಲ್ಲ ಅದು. ಈಗ ಬೇಕು ಅನ್ನಿಸ್ತಿದೆ, ಅದನ್ನೂ ಯಾರ ತಲೆಗೂ ಕಟ್ಟೋದಿಲ್ಲ. ಆದರೆ ನನಗಿರೋದು ನೀನೊಬ್ಬಳು. ನಿನ್ನ ಬಾಯಿಂದ ಒಂದು ಮಾತು ಬೇಕು. ಏನಿದ್ದರೂ ಬರೆ.

ಇಂತಿ,
ಅಮ್ಮ

ಸೆಪ್ಟೆಂಬರ್ ೧೭

ಅಮ್ಮಾ,

ನಿನ್ನಿಷ್ಟ. ನಾನೇನು ಹೇಳಲಿ.

ಇಲ್ಲಿ ಕೆಲಸ ಜಾಸ್ತಿ ಇದೆ. ಮಳೆಯಲ್ಲಿ ಅರ್ಧ ಹುಳಗಳ ಬಣ್ಣ ಹೋಗಿದೆ, ಮತ್ತೆ ಹಚ್ಚಬೇಕು.

ಪುಟ್ಟಿ

ಸೆಪ್ಟೆಂಬರ್ ೨೯

ಪುಟ್ಟಿ,

ನೇಲ್ ಪಾಲಿಶ್ ಇನ್ನೊಂದಿಷ್ಟು ಕಳಿಸಿದ್ದೇನೆ. ಈ ಸಲ ಗುಂಡಿ ಅಂಗಡಿ ಅಕ್ಕನ ಕೈಲಿ ತರಿಸಿದೆ.

ಹೋಟೆಲಿನವರ ಪರದೆ ಕೆಲಸ ಸಿಕ್ಕಿದೆ, ನೆಲದಿಂದ ಸೂರಿನವರೆಗೂ ಪರದೆ. ಮಡಚಿಟ್ಟರೆ ಅಂಗಡಿಯಲ್ಲಿ ಕಾಲಿಡೋಕೆ ಜಾಗ ಇಲ್ಲ. ಕನ್ನಡಕದ ಒಂದು ಸ್ಕ್ರೂ ಬಿದ್ದುಹೋಗಿ ಕಾಲು ಕಳಚಿಕೊಂಡಿತು. ದಾರ ಸುತ್ತಿ ಗಂಟು ಹಾಕಿಕೊಂಡಿದ್ದೇನೆ, ನಡೆಯುತ್ತೆ.

ಹಾಂ, ಆ ವಿಷಯ. ಬೇಡ ಅಂದುಬಿಟ್ಟೆ. ಅವರು "ಸರಿ" ಅಂದು, ಅಂಚು ಮಡಿಸದ ಪ್ಯಾಂಟು ಹಾಗೇ ಎತ್ತಿಕೊಂಡು ಹೋದರು. ಒಳ್ಳೇ ಮನುಷ್ಯ. ಎದುರುಬದುರು ಕೂತಿರ್ತೀವಿ, ಕಣ್ಣಿಗೆ ಕಣ್ಣು ಸಿಕ್ಕಿದರೆ ತಲೆ ಆಡಿಸ್ತಾರೆ.

ಕೊಡೆ ಮರೆತು ಕಾಡಿಗೆ ಹೋಗಬೇಡ.

ಇಂತಿ,
ಅಮ್ಮ

ಅಕ್ಟೋಬರ್ ೧೪

ಅಮ್ಮಾ,

ನಿನ್ನ ಪತ್ರ ಜೇಬಲ್ಲಿಟ್ಟುಕೊಂಡು ಓಡಾಡ್ತಿದ್ದೇನೆ. ಬೈದಿದ್ದರೆ ಉತ್ತರ ಕೊಡೋದು ಸುಲಭ ಇತ್ತು. ನೀನು ಪರದೆ ವಿಷಯ ಬರೆದೆ.

ಮೊನ್ನೆ ಏನಾಯ್ತು ಕೇಳು. ಹಳದಿ ಗಟ್ಟಿ ಗಂಟಿರೋ ಕಡೆ ಕೊರೀತಿದ್ದಳು. ಮೂತಿ ಕಣ್ಣಿನವರೆಗೂ ಒಳಗೆ ಹೋಗಿತ್ತು. ಹಿಂದಕ್ಕೆ ಎಳೀತಾಳೆ, ಬರ್ತಿಲ್ಲ. ಮರ ಕಚ್ಚಿಕೊಂಡುಬಿಟ್ಟಿದೆ. ಕಾಲು ಜಾರ್ತಿದೆ, ಮತ್ತೆ ಊರ್ತಾಳೆ, ಮತ್ತೆ ಜಾರ್ತಾಳೆ. ಚಿಮಟ ತಗೊಂಡು ನಾನೇ ಬಿಡಿಸಲಾ ಅಂತ ಕೈ ಚಾಚಿದೆ, ಮೇಡಂ ನನ್ನ ಮಣಿಕಟ್ಟು ಹಿಡಿದರು. ಆಗ ಕೆಂಪ ಹಿಂದಿನಿಂದ ಬಂದ. ತನ್ನ ಭಾರವಾದ ಎದೆಯನ್ನ ಅವಳ ಬೆನ್ನಿನ ತುದಿಯ ಮೇಲೆ ಇಟ್ಟು ಒತ್ತಿದ. ತಕ್ಕಡಿಯ ಒಂದು ತಟ್ಟೆ ಒತ್ತಿದರೆ ಇನ್ನೊಂದು ಏಳೋ ಹಾಗೆ ಅವಳ ತಲೆ ಮೇಲೆ ಬಂತು, ಮೂತಿ ಟಕ್ ಅಂತ ಈಚೆ ಬಂತು! ಮೇಡಂ ಹಳೇ ವರದಿಗಳಲ್ಲಿ ಓದಿದ್ದರಂತೆ, ಕಣ್ಣಾರೆ ನೋಡಿದ್ದು ಇದೇ ಮೊದಲಂತೆ. ಇಬ್ಬರೂ ಕುಣಿದೆವು, ಅವರಿಗೆ ಮೊಣಕಾಲು ನೋವು ಅನ್ನೋದೂ ಮರೆತುಹೋಗಿತ್ತು.

ಕುಣಿದಾದ ಮೇಲೆ ಮರದ ಪಕ್ಕ ಕೂತು ಅತ್ತೆ. ಅಮ್ಮಾ, ನಾನು ಊರು ಬಿಟ್ಟು ಎಷ್ಟು ದೂರ ಬೇಕಾದರೂ ಹೋಗಬಹುದು, ಮನೆ ಮಾತ್ರ ಬಿಟ್ಟಲ್ಲೇ ಇರಬೇಕು, ಬಾಗಿಲು ತಟ್ಟಿದರೆ ತೆಗೆಯೋಳು ನೀನೊಬ್ಬಳೇ ಇರಬೇಕು ಅಂತ ಅಂದುಕೊಂಡಿದ್ದೆ. ಆ ಬಾಗಿಲ ಒಳಗೆ ಉಳಿದ ದಿನಗಳಲ್ಲಿ ನೀನು ಏನು ಮಾಡ್ತಿರ್ತೀಯ ಅಂತ ಯೋಚಿಸಿರಲೇ ಇಲ್ಲ.

ನಿನಗೂ ಆಸರೆ ಬೇಡವಾ? ಹಳದಿಗೇ ಬೇಕಾಯ್ತು. ಅವರಿಗೆ ಹೂಂ ಅನ್ನು.

ನಿನ್ನ,
ಪುಟ್ಟಿ

ಅಕ್ಟೋಬರ್ ೨೫

ಪುಟ್ಟಿ,

ನಿನ್ನ ಪತ್ರ ಓದಿ ಕರಗಿಹೋದೆ, ಕೊನೇ ಸಾಲು ಓದಿ ಸಿಟ್ಟು ಬಂತು.

ನಿನ್ನ ಹುಳ ಚೆನ್ನಾಗಿದೆ. ಆದರೆ ಅದರ ಪಾಠ ನನಗೆ ಹೇಳಬೇಡ ಕಣೇ. ನನ್ನ ಮೂತಿ ಎಲ್ಲೂ ಸಿಕ್ಕಿಹಾಕಿಕೊಂಡಿಲ್ಲ. ಇಪ್ಪತ್ತು ವರ್ಷದ ಮೇಲಾಯ್ತು, ಒಬ್ಬಳೇ ಕೊರೆದಿದ್ದೇನೆ, ಒಬ್ಬಳೇ ಈಚೆ ಎಳೆದುಕೊಂಡಿದ್ದೇನೆ. ಬಾಡಿಗೆ ಕಟ್ಟಿದ್ದೇನೆ, ನಿನ್ನನ್ನ ಓದಿಸಿದ್ದೇನೆ, ಮಷಿನ್ ಕೆಟ್ಟರೆ ನಾನೇ ಬಿಚ್ಚಿ ಜೋಡಿಸ್ತೀನಿ. ನನಗೆ ಆಸರೆ ಬೇಕಾಗಿಲ್ಲ. ಅವರು ಬೇಕಾಗಿದ್ದು ಸಹಾಯಕ್ಕಲ್ಲ, ಸಂಜೆಗೆ. ದಿನವಿಡೀ ಗಿರಾಕಿಗಳ ಹತ್ತಿರ ಆಡಿದ ಮಾತು ಬೇರೆ, ಟೀ ಲೋಟ ಹಿಡಿದು ಆಡೋ ಮಾತು ಬೇರೆ. ಅವರ ಜೊತೆ ಇದ್ದರೆ ನಗು ಬರುತ್ತೆ. ಅಷ್ಟೇ. ಅದು ಸಣ್ಣ ಕಾರಣ ಅನ್ನಿಸಿದರೆ ಅನ್ನಿಸಲಿ.

ಆದರೆ ಒಂದು ಸಲ ಬೇಡ ಅಂದವಳು, ಈಗ ರಸ್ತೆ ದಾಟಿ ಹೋಗಿ "ಮಗಳು ಒಪ್ಪಿದಳು, ಬನ್ನಿ" ಅನ್ನಲಾ? ನನಗೂ ಮಾನ ಮರ್ಯಾದೆ ಇದೆ. ಅವರಿಗೂ ಇದೆ. ಈಗ ನಾನು ಟೀ ಕುಡಿಯೋ ಹೊತ್ತಿಗೆ ಅವರು ಶಟರ್ ಅರ್ಧ ಎಳೆದು ಒಳಗೇ ಕೂತಿರ್ತಾರೆ. ಹೋಗಲಿ ಬಿಡು. ನೀನು ಚೆನ್ನಾಗಿ ಬರೆದೆ, ಅಷ್ಟು ಸಾಕು ನನಗೆ.

ಇಂತಿ,
ಅಮ್ಮ

ನವೆಂಬರ್ ೬

ಎದುರಂಗಡಿಯ ಕನ್ನಡಕದವರಿಗೆ ನಮಸ್ಕಾರ,

ನಾನು ಟೇಲರಮ್ಮನ ಮಗಳು. ನೀವು ಕಳಿಸಿದ ಭೂತಗನ್ನಡಿಯಲ್ಲೇ ಸೂಜಿಮೂತಿಯ ಹಲ್ಲು ಎಣಿಸಿದೆ. ಇಷ್ಟು ತಡವಾಗಿ ಕೃತಜ್ಞತೆ ಹೇಳ್ತಿರೋದಕ್ಕೆ ಕ್ಷಮಿಸಿ. ತಡವಾಗಿದ್ದು ಅಂಚೆಯ ತಪ್ಪಲ್ಲ.

ಜೊತೆಗೊಂದು ದೂರು. ನೀವು ಮಾಡಿಕೊಟ್ಟ ಕನ್ನಡಕದ ಸ್ಕ್ರೂ ಬಿದ್ದುಹೋಗಿದೆ. ಅಮ್ಮ ಅದಕ್ಕೆ ದಾರ ಸುತ್ತಿಕೊಂಡು ಕೆಲಸ ಮಾಡ್ತಿದ್ದಾಳೆ. ರಸ್ತೆ ದಾಟಿ ಬಂದು ಹೇಳೋ ಪೈಕಿ ಅಲ್ಲ ಅವಳು. ನಿಮ್ಮ ಸರಕು, ನಿಮ್ಮದೇ ಜವಾಬ್ದಾರಿ. ದಯವಿಟ್ಟು ನೋಡಿ.

ನಾನು ಬರೆದಿರೋದು ಅವಳಿಗೆ ಗೊತ್ತಿಲ್ಲ. ಗೊತ್ತಾದರೂ ಪರವಾಗಿಲ್ಲ.

ವಿಶ್ವಾಸದಿಂದ,
ಪುಟ್ಟಿ

ನವೆಂಬರ್ ೨೧

ಏ ಕಳ್ಳಿ,

ಅವರು ಬಂದರು. ಅದೂ ಯಾವ ಹೊತ್ತಲ್ಲಿ? ಮಟಮಟ ಮಧ್ಯಾಹ್ನ, ಅಂಗಡಿ ತುಂಬಾ ಹೋಟೆಲ್ ಪರದೆ, ಒಬ್ಬ ಹೆಂಗಸು ಎರಡು ಮಕ್ಕಳ ಅಳತೆ ಕೊಡಿಸ್ತಾ ನಿಂತಿದ್ದಾಳೆ. ಕೈಯಲ್ಲಿ ಸಣ್ಣ ಸ್ಕ್ರೂಡ್ರೈವರ್. "ನಿಮ್ಮ ಮೇಲೆ ದೂರು ಬಂದಿದೆ ಟೇಲರಮ್ಮ. ಕನ್ನಡಕ ಕೊಡಿ."

"ಯಾರು ದೂರು ಕೊಟ್ಟೋರು?"

"ಕಾಡಿನಿಂದ ಬಂದಿದೆ."

ಕೊಟ್ಟೆ. ದಾರ ಬಿಚ್ಚಿದರು. "ಗಂಟು ಮಾತ್ರ ಭದ್ರವಾಗಿದೆ" ಅಂದರು. ಮೇಜಿನ ಆ ಕಡೆಯಿಂದ ಬಗ್ಗಿ ನಿಂತಿದ್ದಾರೆ, ಅಷ್ಟು ಹತ್ತಿರದಲ್ಲಿ ಕನ್ನಡಕ ಇಲ್ಲದೆ ಅವರ ಮುಖ ನನಗೆ ಕೊಂಚ ಮಸುಕು. ಮುಖ ಸರಿಯಾಗಿ ಕಾಣದಿದ್ದರೆ ಮಾತು ಸಲೀಸು, ಗೊತ್ತಾ?

"ಆವತ್ತು ಬೇಡ ಅಂದೆ," ಅಂದೆ. "ಇವತ್ತು ಕೇಳಿದರೆ ಬೇರೆ ಹೇಳ್ತೀನಿ."

ಅವರು ಸ್ಕ್ರೂ ತಿರುಗಿಸ್ತಾನೇ ಇದ್ದರು. "ಇನ್ನೊಂದು ಸಲ ಕೇಳೋ ಧೈರ್ಯ ನನಗಿಲ್ಲ."

"ಹಾಗಾದರೆ ನಾನೇ ಕೇಳ್ತೀನಿ. ಆಗ್ತೀರಾ?"

ಅಳತೆ ಕೊಡಿಸ್ತಿದ್ದ ಹೆಂಗಸು ಮಕ್ಕಳ ಕಿವಿ ಮುಚ್ಚಬೇಕೋ ತನ್ನ ಕಿವಿ ತೆರೀಬೇಕೋ ಗೊತ್ತಾಗದೆ ನಿಂತಿದ್ದಳು. ಅವರು ಕನ್ನಡಕ ಒರೆಸಿ ನನ್ನ ಕೈಗಿಟ್ಟು, "ಮೊದಲು ಹಾಕಿಕೊಂಡು ಸರಿಯಾಗಿ ನೋಡಿ. ಆಮೇಲೂ ಇದೇ ಮಾತಾದರೆ ಹೂಂ" ಅಂದರು. ಹಾಕಿಕೊಂಡೆ. ನೋಡಿದೆ. ಅವರ ಕಣ್ಣು ತುಂಬಿತ್ತು. ಅದೇ ಮಾತು ಅಂದೆ.

ಸಂಜೆಯೊಳಗೆ ಗುಂಡಿ ಅಂಗಡಿ ಅಕ್ಕ ಇಡೀ ರಸ್ತೆಗೆ ಡಂಗುರ ಹೊಡೆದಾಗಿತ್ತು. ರಿಜಿಸ್ಟ್ರಾರ್ ಕಚೇರಿಗೆ ನೀನು ಬಂದ ಮೇಲೆ ಹೋಗೋದು. ಆದರೆ ಅವರದೊಂದು ಹಟ. ಅದಕ್ಕೂ ಮೊದಲು ನಿನ್ನನ್ನ ನೋಡಬೇಕಂತೆ, ನೀನಿರೋ ಕಡೆಯೇ ಬಂದು. ಆ ಹುಳವನ್ನೂ ನೋಡಬೇಕಂತೆ. ಜೀಪಲ್ಲಿ ಇಬ್ಬರಿಗೆ ಜಾಗ ಹೇಳಿಡು.

ಇಂತಿ,
ಅಮ್ಮ

ಡಿಸೆಂಬರ್ ೧೮

ಪುಟ್ಟಿ,

ಕ್ಷೇಮವಾಗಿ ವಾಪಸ್ ಊರಿಗೆ ಬಂದು ಸೇರಿದೆವು. ದಾರಿಯುದ್ದಕ್ಕೂ ಇವರಿಗೆ ವಾಂತಿ, ನನಗೆ ನಗು. ಈಗ ಸುಧಾರಿಸಿಕೊಂಡಿದ್ದಾರೆ.

ನಿನ್ನ ಮರ ಇನ್ನೂ ಕಣ್ಣಲ್ಲೇ ಇದೆ. ಮೊದಲು ನೋಡಿದಾಗ, ಇಷ್ಟೇನಾ, ಇದಕ್ಕಾ ಇವಳು ಇಷ್ಟು ದೂರ ಬಂದಿದ್ದು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಹಳದಿ ಬಂದಳು. ಅವಳು ಜಾಗ ಹುಡುಕೋದು, ಮೂತಿ ಊರೋದು, ಸರಿಹೋಗದೆ ಎತ್ತೋದು, ಮತ್ತೆ ಊರೋದು. ಒಳ್ಳೇ ಕೆಲಸಗಾತಿ, ಅವಸರ ಅನ್ನೋದೇ ಇಲ್ಲ. ಇವರು ಮರದ ಬುಡಕ್ಕೆ ಒರಗಿ ನಿದ್ದೆ ಹೊಡೆದರು, ಜೀಪಿನವನು ಹಾರನ್ ಬಾರಿಸಿ ಸುಸ್ತಾದ, ನನಗೆ ಏಳೋಕೇ ಮನಸ್ಸಾಗಲಿಲ್ಲ. ಅದಕ್ಕಿಂತ ಹೆಚ್ಚಾಗಿ ನಿನ್ನನ್ನ ನೋಡಿದೆ. ಮೊಣಕಾಲೂರಿ, ಕೂದಲು ಮುಖಕ್ಕೆ ಬಿದ್ದಿದ್ದೂ ತಿಳೀದೆ, ತುಟಿ ಅಲುಗಿಸ್ತಾ ಏನೋ ಗುರುತು ಹಾಕಿಕೊಳ್ತಿದ್ದೆ. ಅಷ್ಟು ನೆಮ್ಮದಿಯ ಮುಖ ನಾನು ನಿನಗೆ ಎಷ್ಟೇ ಬಟ್ಟೆ ಹೊಲಿದು ಕೊಟ್ಟರೂ ಕಂಡಿರಲಿಲ್ಲ.

ನೀನು ನೀರು ತರೋಕೆ ಹೋಗಿದ್ದಾಗ ಮೇಡಂ ನನ್ನ ಹತ್ತಿರ ಬಂದು ಕೂತರು. ಮೊಟ್ಟೆಯಲ್ಲಿರೋದು ಮರದೊಳಗೇ ಬೆಳೆದು ಈಚೆ ಬರೋವರೆಗೂ ನೋಡಬೇಕಂತೆ. ಅದಕ್ಕೆ ಇನ್ನೂ ಎರಡು ವರ್ಷ ಇರು ಅಂತ ನಿನ್ನನ್ನ ಕೇಳಿದ್ದಾರಂತೆ, ಜೂನ್ ತಿಂಗಳಲ್ಲೇ. ನೀನು "ಅಮ್ಮ ಒಬ್ಬಳೇ ಇದ್ದಾಳೆ, ಆಗಲ್ಲ" ಅಂದೆಯಂತೆ. ಆಗಸ್ಟಲ್ಲಿ ಮತ್ತೆ ಕೇಳಿದರಂತೆ. ಆಗಲೂ ಅದೇ ಮಾತಂತೆ. ಈಗ ಕೇಳೋದನ್ನೇ ಬಿಟ್ಟಿದ್ದಾರೆ.

ನನಗೆ ಒಂದು ಸಾಲು ಬರೆಯಲಿಲ್ಲ ನೀನು. ಇಬ್ಬರೂ ಒಬ್ಬರ ಮುಖ ನೋಡಿ ಇನ್ನೊಬ್ಬರು ಬೇಡ ಅಂತ ಕೂತಿದ್ದೆವಲ್ಲೇ! ಇದನ್ನ ಇವರಿಗೆ ಹೇಳಿದರೆ, "ತಾಯಿ ಮಗಳಿಗೆ ಒಂದೇ ನಂಬರಿನ ಕನ್ನಡಕ ಬರೆದುಕೊಡಬೇಕು" ಅಂದರು.

ಬೈಯೋದಿಲ್ಲ. ಜನವರಿಯಲ್ಲಿ ಬಾ. ರಿಜಿಸ್ಟ್ರಾರ್ ಎದುರು ನನ್ನ ಕಡೆ ಸಹಿ ಹಾಕು, ನಾಲ್ಕು ದಿನ ನನ್ನ ಪಕ್ಕ ಮಲಗು, ಆಮೇಲೆ ವಾಪಸ್ ಹೋಗು. ಮೇಡಂಗೆ ನಾನೇ ಮಾತು ಕೊಟ್ಟು ಬಂದಿದ್ದೇನೆ, ನೀನು ಈಗ ಹಿಂದೆ ಸರಿದರೆ ಮರ್ಯಾದೆ ಹೋಗೋದು ನನ್ನದು.

ಬಂದ ದಿನದಿಂದ ನಿನಗೆ ಪ್ಯಾಂಟು ಹೊಲೀತಿದ್ದೆ, ನಿನ್ನೆ ಮುಗೀತು. ಗಟ್ಟಿ ಬಟ್ಟೆ, ಮೊಣಕಾಲಿಗೆ ಎರಡು ಪದರ. ಜೇಬು ಆಳ ಇಟ್ಟಿದ್ದೇನೆ, ಡಬ್ಬಿಗಳು ಬೀಳದ ಹಾಗೆ ಮೇಲೊಂದು ಮುಚ್ಚಳ, ಅದಕ್ಕೆ ಗುಂಡಿ. ಸೊಂಟದಲ್ಲಿ ಒಳಗಡೆ ಬಟ್ಟೆ ಬಿಟ್ಟಿದ್ದೇನೆ, ಎರಡು ವರ್ಷದಲ್ಲಿ ದಪ್ಪ ಆದರೆ ಬಿಚ್ಚಿ ಹೊಲಿದುಕೋ. ಪಾರ್ಸೆಲ್ ಇವತ್ತು ಬೆಳಗ್ಗೆಯೇ ಹೋಯ್ತು.

ಇಂತಿ,
ಅಮ್ಮ